ಡೌರೊ ರೈಲು: ಪಿನ್ಯಾವ್‌ನಲ್ಲೇ ಇಳಿಯಬೇಡಿ, ಹಳಿ ಮುಗಿಯುವವರೆಗೂ ಹೋಗಿ

ಪೋರ್ಚುಗಲ್‌ಗೆ ಹೋಗುವ ನಮ್ಮವರು ಲಿಸ್ಬನ್ ನೋಡುತ್ತಾರೆ, ಪೋರ್ಟೊ ನೋಡುತ್ತಾರೆ. ಆಮೇಲೆ ಪೋರ್ಟೊದಿಂದ ಡೌರೊ ಕಣಿವೆಗೆ ಟೂರ್ ಬಸ್ ಹತ್ತುತ್ತಾರೆ. ಬಸ್ಸು ಬಹಳ ದೂರ ಗುಡ್ಡದ ಮೇಲಿನ ರಸ್ತೆಯಲ್ಲೇ ಓಡುತ್ತದೆ. ನದಿ ಎಲ್ಲೋ ಕೆಳಗೆ ಬೆಳ್ಳಿ ದಾರದ ಹಾಗೆ ಕಾಣುತ್ತದೆ. ಅದೇ ಕಣಿವೆಯ ತಳದಲ್ಲಿ, ನೀರಿನ ಪಕ್ಕದಲ್ಲೇ ಒಂದು ಸಿಂಗಲ್ ಲೈನ್ ರೈಲು ಹಳಿ ಇದೆ. ಕೆಲವು ಕಡೆ ಕಿಟಕಿಯಿಂದ ಕೆಳಗೆ ನೋಡಿದರೆ ನೆಲವೇ ಕಾಣುವುದಿಲ್ಲ, ಬರೀ ನೀರು. ಆ ರೈಲಿನಲ್ಲಿ ಹೋಗಿ ಬರುವುದು ಹೇಗೆ ಅಂತ ಹೇಳುವುದಕ್ಕೇ ಈ ಬರಹ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ಪಿನ್ಯಾವ್ ಊರಿನಲ್ಲಿ ಇಳಿದು, ಫೋಟೊ ತೆಗೆದು, ವಾಪಸ್ ಬರುತ್ತಾರೆ. ಈ ದಾರಿಯ ಅತಿ ಚೆಂದದ ಭಾಗ ಶುರುವಾಗುವುದೇ ಅದರ ನಂತರ. ಪೊಸಿನ್ಯೊವರೆಗೆ, ಅಂದರೆ ಹಳಿ ಮುಗಿಯುವವರೆಗೆ ಹೋಗಿ. ಒಂದು ಪೂರ್ತಿ ದಿನ ಬೇಕು. ಅಷ್ಟು ದಿನ ಇಲ್ಲದಿದ್ದರೆ ಪೋರ್ಟೊದಲ್ಲಿ ಇನ್ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಹೊರಡುವ ಮುಂಚೆ ತಿಳಿದಿರಬೇಕಾದದ್ದು

ಪೋರ್ಟೊದಿಂದ ಪೊಸಿನ್ಯೊಗೆ ಸುಮಾರು 170 ಕಿಲೋಮೀಟರ್. ರೈಲಿಗೆ ಮೂರೂವರೆ ಗಂಟೆ ಹತ್ತಿರ ಬೇಕು. ಇದು ಎಕ್ಸ್‌ಪ್ರೆಸ್ ಅಲ್ಲ, ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ ಸಣ್ಣ ಸಣ್ಣ ಸ್ಟೇಷನ್‌ನಲ್ಲೆಲ್ಲ ನಿಲ್ಲುತ್ತದೆ. ಕೆಲಸ ಶುರುವಾಗಿದ್ದು 1873ರಲ್ಲಿ. ಹಳಿ ನಡುದಾರಿಯ ರೇಗುವಾ ಊರಿಗೆ ಬಂದದ್ದು 1879ರಲ್ಲಿ, ಪಿನ್ಯಾವ್‌ಗೆ 1880ರಲ್ಲಿ. ಪೊಸಿನ್ಯೊ ದಾಟಿ ಸ್ಪೇನ್ ಗಡಿಯ ಬಾರ್ಕಾ ದಾಲ್ವಾ ಮುಟ್ಟಿದ್ದು 1887ರ ಡಿಸೆಂಬರ್‌ನಲ್ಲಿ, ಆ ಕೊನೆಯ ಭಾಗದಲ್ಲಿ ಈಗ ರೈಲಿಲ್ಲ. ಕಡಿದಾದ ಬಂಡೆಯನ್ನು ಕೊರೆದು ದಾರಿ ಮಾಡಬೇಕಿತ್ತು, ಅದಕ್ಕೇ ಇಷ್ಟು ವರ್ಷ ಹಿಡಿಯಿತು.

ಮೊದಲ ಒಂದು ಗಂಟೆ ನೋಡಿ ಬೇಸರ ಮಾಡಿಕೊಳ್ಳಬೇಡಿ. ಕಾಯಿದ್ ಎನ್ನುವ ಸ್ಟೇಷನ್‌ವರೆಗೆ ಡಬಲ್ ಲೈನ್. ಅಲ್ಲಿಂದ ಮುಂದೆ ಒಂದೇ ಹಳಿ. ವಿದ್ಯುತ್ ತಂತಿ ಇನ್ನೂ ಸ್ವಲ್ಪ ದೂರ ಜೊತೆಗೆ ಬರುತ್ತದೆ, ಮಾರ್ಕು ದ ಕನವೇಸಸ್‌ವರೆಗೆ ಅದನ್ನು ಎಳೆದದ್ದು 2019ರಲ್ಲಿ. ಅದರಾಚೆ ರೇಗುವಾವರೆಗೂ ತಂತಿ ಎಳೆಯುವ ಯೋಜನೆ ಇದೆ. ಹಳಿಯ ಮೇಲೆ ಕೆಲಸ ನಡೆಯುವ ದಿನಗಳಲ್ಲಿ ಒಂದಷ್ಟು ದೂರಕ್ಕೆ ರೈಲಿನ ಬದಲು ಬಸ್ ಬಿಡಬಹುದು. ಆದ್ದರಿಂದ ಹೊರಡುವ ಹಿಂದಿನ ದಿನ ಪೋರ್ಚುಗಲ್ ರೈಲ್ವೆ, ಅಂದರೆ ಸಿಪಿಯ ವೆಬ್‌ಸೈಟ್ ಅಥವಾ ಆ್ಯಪ್ ನೋಡಿಯೇ ನೋಡಿ. ಅಲ್ಲಿ 'ಗ್ರೆವ್' ಎನ್ನುವ ಪದ ಕಂಡರೆ ಮುಷ್ಕರ ಅಂತ ಅರ್ಥ. ಆ ದಿನ ಹೋಗಬೇಡಿ. ಹೋಗುವ ಗಾಡಿ ಸಿಕ್ಕರೂ ಬರುವ ಗಾಡಿ ಸಿಗದೇ ಹೋದೀತು.

ಸಿಂಗಲ್ ಲೈನ್ ಅಂದಮೇಲೆ ಕ್ರಾಸಿಂಗ್ ಇದ್ದೇ ಇರುತ್ತದೆ, ಅಲ್ವಾ? ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದುರಿನಿಂದ ಗಾಡಿ ಬರುವವರೆಗೆ ನಿಮ್ಮ ಗಾಡಿ ಸ್ಟೇಷನ್ನಿನ ಎರಡನೇ ಹಳಿಯಲ್ಲಿ ಸುಮ್ನೆ ನಿಂತಿರುತ್ತದೆ. ಒಂದು ಗಾಡಿ ತಡವಾದರೆ ಎದುರಿನದ್ದೂ ತಡ. ಹಾಗಾಗಿ ಪೋರ್ಟೊಗೆ ವಾಪಸ್ ಬಂದ ಅರ್ಧ ಗಂಟೆಗೇ ವಿಮಾನ ಅಥವಾ ಲಿಸ್ಬನ್ ರೈಲು ಹಿಡಿಯುವ ಲೆಕ್ಕ ಇಟ್ಟುಕೊಳ್ಳಬೇಡಿ. ಆ ರಾತ್ರಿ ಪೋರ್ಟೊದಲ್ಲೇ ಉಳಿಯಿರಿ.

ಹಳಿಯ ಅಗಲ ನೋಡಿ ನನಗೆ ಖುಷಿಯಾಗಿತ್ತು. ಯುರೋಪಿನ ಬಹುತೇಕ ದೇಶಗಳಲ್ಲಿ 1435 ಮಿಲಿಮೀಟರ್ ಹಳಿ. ಪೋರ್ಚುಗಲ್ ಮತ್ತು ಸ್ಪೇನ್‌ನ ಹಳೇ ಹಳಿ 1668 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676. ಬರೀ 8 ಮಿಲಿಮೀಟರ್ ವ್ಯತ್ಯಾಸ! ಪ್ಲ್ಯಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ನೋಡಿದಾಗ ಏನೋ ಪರಿಚಯದ್ದು ಅನ್ನಿಸುವುದು ಅದಕ್ಕೇ.

ಯಾವ ತಿಂಗಳು?

ಈ ಕಣಿವೆಯ ಜನ ತಮ್ಮ ಹವೆಯ ಬಗ್ಗೆ ಒಂದು ಗಾದೆ ಹೇಳುತ್ತಾರೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲಿನ ಗುಡ್ಡಗಳು ಹೆಂಚಿನ ಹಾಗೆ ಕಾಯುತ್ತವೆ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು. ತೋಟಗಳ ತುಂಬ ಜನ, ಗಾಡಿಯಲ್ಲೂ ಜನ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರ. ಆಗ ಬಳ್ಳಿಯ ಎಲೆ ಒಂದು ಸಾಲಿನಲ್ಲಿ ಅರಿಶಿನ, ಮುಂದಿನ ಸಾಲಿನಲ್ಲಿ ಕುಂಕುಮ. ಬೇಗ ಕತ್ತಲಾಗುತ್ತದೆ, ಅಷ್ಟೇ. ಹಸಿರು ಇಷ್ಟಪಡುವವರು ಮೇ ತಿಂಗಳಲ್ಲಿ ಹೋಗಿ.

ಟಿಕೆಟ್ ಮತ್ತು ಸ್ಟೇಷನ್

ಪೋರ್ಟೊದಲ್ಲಿ ಎರಡು ಸ್ಟೇಷನ್. ಊರ ನಡುವೆ ಸಾವ್ ಬೆಂತು, ಪೂರ್ವಕ್ಕೆ ಕಂಪನ್ಯಾ. ಡೌರೊ ಗಾಡಿಗಳಲ್ಲಿ ಕೆಲವು ಸಾವ್ ಬೆಂತುವಿನಿಂದ ಹೊರಡುತ್ತವೆ, ಕೆಲವು ಕಂಪನ್ಯಾದಿಂದ. ನಿಮ್ಮ ಗಾಡಿ ಯಾವುದರಿಂದ ಅಂತ ಮೊದಲೇ ನೋಡಿಕೊಳ್ಳಿ. ಲಿಸ್ಬನ್‌ನಿಂದ ಬರುವವರು ಇಳಿಯುವುದು ಕಂಪನ್ಯಾದಲ್ಲಿ. ವಿಮಾನ ನಿಲ್ದಾಣದಿಂದ ಬರುವ ಮೆಟ್ರೊ ಕೂಡ ಅಲ್ಲಿಗೇ ಬರುತ್ತದೆ.

ಕಂಪನ್ಯಾದಿಂದ ಹೊರಡುವ ಗಾಡಿಯೇ ನಿಮ್ಮದಾದರೂ ಸಾವ್ ಬೆಂತು ಸ್ಟೇಷನ್ ನೋಡದೆ ಬರಬೇಡಿ. 1916ರಲ್ಲಿ ತೆರೆದ ಇದರ ಒಳಾಂಗಣದ ಗೋಡೆಗಳಲ್ಲಿ ಜಾರ್ಜ್ ಕೊಲಾಸು ಚಿತ್ರಿಸಿದ ಸುಮಾರು 20,000 ನೀಲಿ ಹೆಂಚುಗಳಿವೆ. ಅಲ್ಲಿಯವರು ಇವನ್ನು ಅಜುಲೇಜು ಅನ್ನುತ್ತಾರೆ. ಯುದ್ಧ, ರಾಜರ ಮೆರವಣಿಗೆ, ಹೊಲದ ಕೆಲಸ, ಎಲ್ಲವೂ ಅದರಲ್ಲಿದೆ. ಟಿಕೆಟ್ ಕ್ಯೂನಲ್ಲಿ ನಿಂತೇ ಅರ್ಧ ನೋಡಿ ಮುಗಿಸಬಹುದು.

ಕೌಂಟರ್‌ನಲ್ಲಿ 'ಪೊಸಿನ್ಯೊ, ಇದಾ ಇ ವೋಲ್ತಾ' ಅನ್ನಿ. ಹೋಗಿ ಬರುವ ಟಿಕೆಟ್ ಅಂತ ಅರ್ಥ. ಪೋರ್ಚುಗೀಸ್ ಹೆಸರುಗಳನ್ನು ಓದುವುದಕ್ಕೆ ಒಂದು ಸುಳಿವು ಇಟ್ಟುಕೊಳ್ಳಿ: ಎನ್ ಮತ್ತು ಎಚ್ ಜೊತೆಯಾಗಿ ಬಂದರೆ 'ನ್ಯ' ಅಂತ ಓದಬೇಕು. ಬೋರ್ಡಿನಲ್ಲಿ 'ಪಿನ್‌ಹಾವೊ' ಅಂತ ಕಾಣುವುದೇ ಪಿನ್ಯಾವ್.

ಪೊಸಿನ್ಯೊವರೆಗೆ ಹೋಗುವ ಗಾಡಿಗಳು ದಿನಕ್ಕೆ ಬೆರಳೆಣಿಕೆಯಷ್ಟು. ಉಳಿದವು ರೇಗುವಾದಲ್ಲೇ ನಿಲ್ಲುತ್ತವೆ. ಬೆಳಗಿನ ಗಾಡಿಯನ್ನೇ ಹಿಡಿಯಿರಿ. ಹಾಗೆಯೇ ಪೊಸಿನ್ಯೊದಿಂದ ಹೊರಡುವ ಕೊನೆಯ ಎರಡು ಗಾಡಿಗಳ ಸಮಯ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಕಣಿವೆಯಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಟಿಕೆಟ್ ಕೌಂಟರ್ ಇಲ್ಲದ ಸಣ್ಣ ಸ್ಟೇಷನ್‌ನಲ್ಲಿ ಹತ್ತಿದರೆ ಗಾಡಿಯೊಳಗೆ ಟಿಕೆಟ್ ಕಲೆಕ್ಟರ್ ಹತ್ತಿರವೇ ಟಿಕೆಟ್ ಕೊಳ್ಳಬಹುದು.

ಯಾವ ಕಡೆ ಕೂರಬೇಕು

ಮೊದಲ ಸಲ ಹೋದಾಗ ನಾನು ಬಿಸಿಲು ತಪ್ಪಿಸಿಕೊಳ್ಳಲು ಎಡಗಡೆ ಕೂತೆ. ರೇಗುವಾವರೆಗೂ ಕಂಡದ್ದು ಬಂಡೆ ಮತ್ತು ಪೊದೆ. ಬಲಗಡೆಯವರ ತಲೆಗಳ ಸಂದಿಯಿಂದ ನದಿ ನೋಡಿದೆ. ಆ ದಿನ ಕಲಿತದ್ದು ಇದು: ಪೋರ್ಟೊದಿಂದ ಹೊರಡುವಾಗ ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿದರೆ ಬಲಗಡೆ ಕಿಟಕಿ. ಹಳಿ ನದಿಯ ಉತ್ತರ ದಡದಲ್ಲಿದೆ, ಹಾಗಾಗಿ ನೀರು ಬಲಕ್ಕೆ. ಬಿಸಿಲೂ ಆ ಕಡೆಯೇ, ಒಂದು ಟೋಪಿ ಇಟ್ಟುಕೊಳ್ಳಿ. ಸಾಮಾನ್ಯ ಗಾಡಿಯಲ್ಲಿ ಸೀಟ್ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಕಿಟಕಿ. ಇಪ್ಪತ್ತು ನಿಮಿಷ ಮುಂಚೆ ಹೋಗಿ ನಿಲ್ಲಿ.

ಕಿಟಕಿಗೆ ಪೋರ್ಚುಗೀಸರು 'ಜನೆಲಾ' ಅನ್ನುತ್ತಾರೆ. ಮಂಗಳೂರು ಕಡೆ ಕೊಂಕಣಿ ಮನೆಗಳಲ್ಲಿ ಇವತ್ತಿಗೂ ಕಿಟಕಿ ಅಂದರೆ ಜನೆಲ್. ಪದ ಈ ದೇಶದಿಂದಲೇ ನಮ್ಮ ಕರಾವಳಿಗೆ ಬಂದದ್ದು.

'ಮಿರಾದೌರೊ' ಎನ್ನುವ ಗಾಡಿ ಸಿಕ್ಕರೆ ಅದನ್ನೇ ಹಿಡಿಯಿರಿ. ಅದರಲ್ಲಿ ಓಡಿಸುವುದು ಸ್ವಿಟ್ಜರ್ಲೆಂಡ್‌ನ ಶಿಂಡ್ಲರ್ ಕಂಪನಿ 1940ರ ದಶಕದಲ್ಲಿ ಕಟ್ಟಿದ ಬೋಗಿಗಳನ್ನು. ದೊಡ್ಡ ಕಿಟಕಿ, ಕೆಳಗೆ ಎಳೆದರೆ ತೆರೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ ಸದ್ದು, ಬಿಸಿಲಲ್ಲಿ ಕಾದ ಕಾಡುಗಿಡಗಳ ವಾಸನೆ, ಎಲ್ಲ ಒಳಗೆ ಬರುತ್ತದೆ. ತಲೆ, ಕೈ ಹೊರಗೆ ಹಾಕಬೇಡಿ. ಬಂಡೆಯ ಗೋಡೆ ಮತ್ತು ಸುರಂಗ ಬಹಳ ಹತ್ತಿರ ಬರುತ್ತವೆ.

ಊಟದ ವಿಚಾರ

ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ. ಗಾಡಿಯಲ್ಲಿ ಊಟ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಸ್ಟೇಷನ್ ಪಕ್ಕದ ಸಣ್ಣ ಹೋಟೆಲುಗಳಲ್ಲಿ ಬ್ರೆಡ್ಡು, ಚೀಸ್, ಆಲಿವ್, ಹಣ್ಣು ಸಿಗುತ್ತದೆ. 'ಕಾಲ್ದು ವೆರ್ದ್' ಎನ್ನುವ ಸೂಪು ನಮ್ಮ ಸೊಪ್ಪಿನ ಸಾರಿನ ಹಾಗೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಹಂದಿ ಮಾಂಸದ ಸಾಸೇಜ್ ತುಂಡು ಹಾಕಿರುತ್ತಾರೆ. 'ಸೆಂ ಕಾರ್ನ್, ಸೆಂ ಪೇಷ್' ಅಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಿ. ಬರೀ ಮಾಂಸ ಬೇಡ ಅಂದರೆ ಮೀನು ಬರುತ್ತದೆ. ನೀರಿನ ಬಾಟಲಿ ಒಂದಲ್ಲ, ತಲೆಗೆ ಎರಡು ಇರಲಿ.

ದಾರಿಯಲ್ಲಿ ಏನೇನು ನೋಡಬೇಕು

ಮಾರ್ಕು ದಾಟಿ, ಜುಂಕಾಲ್ ಹತ್ತಿರದ ಉದ್ದನೆಯ ಸುರಂಗ ಕಳೆದು, ಗಾಡಿ ಇಳಿಯಲು ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಬಲಗಡೆ ನದಿ. ಅಲ್ಲಿಂದ ಪುಸ್ತಕ, ಫೋನು ಎರಡನ್ನೂ ಚೀಲಕ್ಕೆ ಹಾಕಿ.

ನದಿ ಕೆರೆಯ ಹಾಗೆ ನಿಂತಂತೆ ಕಾಣುತ್ತದೆ. ಮೊದಲು ಹೀಗಿರಲಿಲ್ಲ. 1970ರ ದಶಕದಿಂದ ಒಂದರ ಮೇಲೊಂದು ಅಣೆಕಟ್ಟು ಕಟ್ಟಿದರು. ಅದಕ್ಕೂ ಮುಂಚೆ ಇದು ಬಂಡೆಗಳ ನಡುವೆ ನುಗ್ಗುವ ನದಿ. ವೈನ್ ಪೀಪಾಯಿಗಳನ್ನು ಪೋರ್ಟೊ ಎದುರಿನ ಗಾಯಾ ಊರಿನ ಗೋದಾಮುಗಳಿಗೆ 'ರಬೇಲು' ಎನ್ನುವ ಚಪ್ಪಟೆ ತಳದ ದೋಣಿಯಲ್ಲಿ ಸಾಗಿಸುತ್ತಿದ್ದರು. ಎಷ್ಟೋ ದೋಣಿಗಳು ಮುಳುಗಿದವು. ರೈಲು ಬಂದದ್ದು ಈ ಜನರಿಗೆ ಎಷ್ಟು ದೊಡ್ಡ ವಿಷಯ ಆಗಿದ್ದಿರಬೇಕು ಅಂತ ಆ ನೀರನ್ನು ನೋಡುತ್ತಾ ಯೋಚಿಸಿ.

ರೇಗುವಾ ಈ ದಾರಿಯ ದೊಡ್ಡ ಸ್ಟೇಷನ್. ಇಲ್ಲಿ ಬಿಳಿ ಏಪ್ರನ್ ತೊಟ್ಟ ಹೆಂಗಸರು ಬುಟ್ಟಿ ಹಿಡಿದು 'ರೆಬುಸಾದುಶ್' ಮಾರುತ್ತಾರೆ. ಕಾಗದದಲ್ಲಿ ಸುತ್ತಿದ ಸಕ್ಕರೆ ಮಿಠಾಯಿ, ಎರಡೂ ತುದಿ ತಿರುಚಿರುತ್ತಾರೆ. ಬಾಯಿಗೆ ಹಾಕಿದರೆ ಮೊದಲು ನಿಂಬೆ, ಆಮೇಲೆ ಸ್ವಲ್ಪ ಸೀದ ಸಕ್ಕರೆ ಪಾಕದ ರುಚಿ. ನನಗೆ ಚಿಕ್ಕಂದಿನ ನಿಂಬೆಹುಳಿ ಪೆಪ್ಪರಮೆಂಟೇ ನೆನಪಾಯಿತು. ಗಾಡಿ ನಿಂತಿರುವಾಗಲೇ ಒಂದು ಪೊಟ್ಟಣ ತೆಗೆದುಕೊಳ್ಳಿ. ಚಿಲ್ಲರೆ ಕೈಯಲ್ಲಿ ಸಿದ್ಧ ಇರಲಿ.

ಬೇಸಿಗೆಯ ಕೆಲವು ದಿನ ರೇಗುವಾದಿಂದ ಪಿನ್ಯಾವ್ ಆಚೆಯ ತುವಾವರೆಗೆ ಉಗಿ ಎಂಜಿನ್ ಗಾಡಿಯೂ ಓಡುತ್ತದೆ. 1925ರ ಎಂಜಿನ್, ಮರದ ಬೋಗಿ. ಮಕ್ಕಳಿದ್ದರೆ ಒಳ್ಳೆಯದು, ಟಿಕೆಟ್ ಬಹಳ ಮುಂಚೆ ಮಾಡಿಸಬೇಕು. ಆದರೆ ಅದು ತುವಾದಿಂದ ವಾಪಸ್ ಬರುತ್ತದೆ, ಮುಂದೆ ಹೋಗುವುದಿಲ್ಲ.

ರೇಗುವಾದಿಂದ ಪಿನ್ಯಾವ್‌ಗೆ ಹೋಗುವಾಗ ಎರಡೂ ದಡದಲ್ಲಿ ದ್ರಾಕ್ಷಿಯ ಮೆಟ್ಟಿಲುಗಳು. ಪದರ ಪದರವಾಗಿ ಒಡೆಯುವ ಕಲ್ಲನ್ನು ಕೈಯಿಂದ ಜೋಡಿಸಿ, ಮಣ್ಣು ತುಂಬಿ, ಬಳ್ಳಿ ನೆಟ್ಟಿದ್ದಾರೆ. ಯಾವ ಜಾಗದ ದ್ರಾಕ್ಷಿಯಿಂದ ಪೋರ್ಟ್ ವೈನ್ ಮಾಡಬೇಕು ಅಂತ 1756ರಲ್ಲೇ ಗಡಿ ಗುರುತಿಸಿದ್ದರು. ಯುನೆಸ್ಕೊ 2001ರಲ್ಲಿ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಿನ್ಯಾವ್ ಸ್ಟೇಷನ್ನಿನ ಗೋಡೆಯಲ್ಲಿ 1937ರ 24 ಹೆಂಚಿನ ಚಿತ್ರಗಳಿವೆ. ದ್ರಾಕ್ಷಿ ಬಿಡಿಸುವ ಹೆಂಗಸರು, ಬೆನ್ನ ಮೇಲೆ ಬುಟ್ಟಿ ಹೊತ್ತು ಇಳಿಯುವ ಗಂಡಸರು, ರಬೇಲು ದೋಣಿಗಳು. ಇದಕ್ಕಾಗಿ ಇಲ್ಲಿ ಇಳಿಯಲೇಬೇಕು ಅನ್ನಿಸಿದರೆ ವಾಪಸ್ ಬರುವಾಗ ಇಳಿದು ಮುಂದಿನ ಗಾಡಿ ಹಿಡಿಯಿರಿ. ಮುಂದಿನ ಗಾಡಿ ಇದೆಯೇ ಅಂತ ಚೀಟಿಯಲ್ಲಿ ನೋಡಿಕೊಂಡೇ ಇಳಿಯಿರಿ. ಹೋಗುವಾಗ ಮಾತ್ರ ಜಾಗ ಬಿಟ್ಟು ಏಳಬೇಡಿ. ಇಲ್ಲಿ ಬೋಗಿ ಖಾಲಿಯಾಗುತ್ತದೆ, ಬೇಕಾದ ಕಿಟಕಿ ನಿಮ್ಮದು.

ತುವಾದ ನಂತರ

ತುವಾ ಸ್ಟೇಷನ್‌ನಿಂದ ಮುಂದೆ ಬಹಳಷ್ಟು ದೂರ ಹಳಿಯ ಪಕ್ಕ ರಸ್ತೆಯೇ ಇಲ್ಲ. ಕಾರಿನಲ್ಲಿ ಬಂದವರಿಗೆ ಈ ನೋಟ ಸಿಗುವುದಿಲ್ಲ. ಕಣಿವೆ ಕಿರಿದಾಗುತ್ತಾ ಹೋಗುತ್ತದೆ, ಎರಡೂ ಕಡೆ ಬಂಡೆ ಎದ್ದು ನಿಲ್ಲುತ್ತದೆ.

ವಲೇರಾ ಹತ್ತಿರ ಬಂದಾಗ ನೀರನ್ನು ಗಮನಿಸಿ. ಇಲ್ಲಿ ಈಗ ಅಣೆಕಟ್ಟು ಇದೆ. ಒಂದು ಕಾಲದಲ್ಲಿ ಇದು ಇಡೀ ನದಿಯ ಅತಿ ಭಯಂಕರ ಸುಳಿ. 1861ರ ಮೇ ತಿಂಗಳಲ್ಲಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎನ್ನುವ ವೈನ್ ವ್ಯಾಪಾರಿ ಇಲ್ಲೇ ದೋಣಿ ಮಗುಚಿ ಮುಳುಗಿದ. ಈ ನದಿಯ ನಕ್ಷೆ ಬರೆದವನೇ ಅವನು. ಅದೇ ದೋಣಿಯಲ್ಲಿದ್ದ ಅಂತೋನಿಯಾ ಫೆರೇರಾ ಬದುಕಿದಳು. ಆಕೆಯ ಅಗಲವಾದ ಲಂಗದಲ್ಲಿ ಗಾಳಿ ತುಂಬಿ ತೇಲಿಸಿತು, ಅವನ ಸೊಂಟದ ಹಣದ ಪಟ್ಟಿ ಅವನನ್ನು ಕೆಳಗೆಳೆಯಿತು ಅಂತ ಕಣಿವೆಯಲ್ಲಿ ಕಥೆ ಹೇಳುತ್ತಾರೆ. ಈ ಹೆಂಗಸಿನ ಹೆಸರನ್ನು ಮರೆಯಬೇಡಿ, ಸ್ವಲ್ಪ ಮುಂದೆ ಮತ್ತೆ ಬರುತ್ತದೆ.

ಈಗ ಸೀಟು ಬದಲಿಸುವ ಸಮಯ. ಎರಡನೇ ಸಲ ಹೋದಾಗ ನನ್ನ ಎದುರು ಊರಿನ ಅಜ್ಜಿಯೊಬ್ಬರು ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು. ವಲೇರಾ ದಾಟಿದ್ದೇ ತಡ, ಕಣ್ಣು ಬಿಟ್ಟು, ಚೀಲ ಎತ್ತಿಕೊಂಡು ಎಡಗಡೆಯ ಕಿಟಕಿಗೆ ಹೋಗಿ ಕೂತರು. ನನ್ನ ಕಡೆ ನೋಡಿ ಬಾ ಅಂತ ಕೈ ಮಾಡಿದರು. ನಾನೂ ಎದ್ದು ಹೋದೆ. ಎರಡು ನಿಮಿಷಕ್ಕೆ ಗಾಡಿ ಫೆರಾದೋಜಾ ಸೇತುವೆ ಹತ್ತಿತು, ನದಿ ಕಾಲಡಿಯಿಂದ ಸರಿದು ನಮ್ಮ ಎಡಕ್ಕೆ ಬಂತು. ಅಣೆಕಟ್ಟಿನಿಂದ ನೀರು ಏರಿದಾಗ ಹಳೇ ಸೇತುವೆಯ ಬದಲು ಕಟ್ಟಿದ ಸೇತುವೆ ಇದು. ಇಲ್ಲಿಂದ ಪೊಸಿನ್ಯೊವರೆಗೆ ಹಳಿ ದಕ್ಷಿಣ ದಡದಲ್ಲಿ. ಅಜ್ಜಿ ಗಾಜಿಗೆ ಹಣೆ ತಾಗಿಸಿ ನೋಡುತ್ತಲೇ ಇದ್ದರು. ಎಷ್ಟು ಸಾವಿರ ಸಲ ನೋಡಿದ್ದರೋ ಏನೋ.

ಮುಂದೆ ವರ್ಜೆಲಾಸ್, ಆಮೇಲೆ ವೆಸೂವಿಯು. ದ್ರಾಕ್ಷಿ ತೋಟದ ಹೆಸರೇ ಸ್ಟೇಷನ್ನಿಗೂ. ವೆಸೂವಿಯುವಿನಲ್ಲಿ ನದಿ ಪಕ್ಕ ದೊಡ್ಡ ಬಿಳಿ ಮನೆ ಕಾಣುತ್ತದೆ. ಆ ತೋಟ ಒಂದು ಕಾಲಕ್ಕೆ ನದಿಯಿಂದ ಬದುಕಿ ಬಂದ ಅಂತೋನಿಯಾ ಫೆರೇರಾ ಅವರದ್ದೇ. ಗಂಡ ತೀರಿದ ಮೇಲೆ ಒಬ್ಬರೇ ವ್ಯವಹಾರ ನಡೆಸಿ ಕಣಿವೆಯುದ್ದಕ್ಕೂ ತೋಟ ಮಾಡಿದವರು.

ಪೊಸಿನ್ಯೊ

ಇಳಿದ ತಕ್ಷಣ ಮಾಡಬೇಕಾದ ಕೆಲಸ, ವಾಪಸ್ ಗಾಡಿ ಎಷ್ಟು ಹೊತ್ತಿಗೆ ಅಂತ ಗಾರ್ಡ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುವುದು. ಬಂದ ಗಾಡಿಯೇ ತಿರುಗಿ ಹೋಗುವುದಾದರೆ ಸಿಗುವ ಸಮಯ ಕಡಿಮೆ ಇರಬಹುದು.

ಪೂರ್ತಿ ಮಧ್ಯಾಹ್ನ ಸಿಕ್ಕರೆ ಟ್ಯಾಕ್ಸಿ ಮಾಡಿಕೊಂಡು ಕೆಲವೇ ಕಿಲೋಮೀಟರ್ ದೂರದ ಫೋಜ್ ಕೋವಾಗೆ ಹೋಗಿ. ಕೋವಾ ನದಿಯ ಬಂಡೆಗಳಲ್ಲಿ ಹಳೇ ಶಿಲಾಯುಗದ ಜನ ಕುದುರೆ, ಕಾಡೆತ್ತು ಕೆತ್ತಿದ್ದಾರೆ. 1990ರ ದಶಕದಲ್ಲಿ ಅಣೆಕಟ್ಟು ಕಟ್ಟಲು ಹೋದಾಗ ಇವು ಎಲ್ಲರ ಕಣ್ಣಿಗೆ ಬಿದ್ದವು. ಜನ ಹೋರಾಡಿದರು, ಅಣೆಕಟ್ಟಿನ ಕೆಲಸ ನಿಂತಿತು, 1998ರಲ್ಲಿ ಈ ಕೆತ್ತನೆಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಕೆತ್ತನೆ ಇರುವ ಜಾಗಕ್ಕೆ ಗೈಡ್ ಜೊತೆಗೆ ಜೀಪಿನಲ್ಲಿ ಹೋಗಬೇಕು, ಮೊದಲೇ ಬುಕ್ ಮಾಡಿರಬೇಕು. ಅದಾಗದಿದ್ದರೆ ಮ್ಯೂಸಿಯಂ ಸಾಕು.

ಸಮಯ ಕಡಿಮೆ ಇದ್ದರೆ ಸ್ಟೇಷನ್ ಸುತ್ತಲೇ ನಡೆಯಿರಿ. ಇಲ್ಲಿಂದ ಸಬೋರ್ ಕಡೆಗೆ ಮೀಟರ್‌ಗೇಜ್ ಹಳಿ ಇತ್ತು, 1988ರಲ್ಲಿ ಮುಚ್ಚಿದರು. ದಾರಿಯಲ್ಲಿ ಲಿವ್ರಸಾವ್, ರೇಗುವಾ, ತುವಾಗಳಲ್ಲೂ ಇಂಥ ಕವಲು ಹಳಿಗಳಿದ್ದವು. ಇವತ್ತು ಒಂದೂ ಡೌರೊ ಲೈನಿಗೆ ಬಂದು ಸೇರುವುದಿಲ್ಲ. ಮುಖ್ಯ ಹಳಿಯದ್ದೂ ಅದೇ ಕಥೆ. ಪೊಸಿನ್ಯೊದಿಂದ ಬಾರ್ಕಾ ದಾಲ್ವಾವರೆಗಿನ 28 ಕಿಲೋಮೀಟರ್ ಅದೇ 1988ರಲ್ಲಿ ನಿಂತಿತು. ಸ್ಪೇನ್ ಕಡೆಯ ಹಳಿ 1985ರಲ್ಲೇ ನಿಂತಿತ್ತು. ಗಡಿಯಾಚೆ ಸ್ಪೇನ್ ಕಡೆಯ 17 ಕಿಲೋಮೀಟರ್ ದಾರಿಯನ್ನು, ಸುರಂಗ ಸೇತುವೆಗಳ ಸಮೇತ, 2021ರಿಂದ ನಡೆಯುವವರಿಗೆ ತೆರೆದಿದ್ದಾರೆ. ಪೋರ್ಚುಗಲ್ ಕಡೆ ಮತ್ತೆ ರೈಲು ಓಡಿಸಬೇಕು ಅಂತ ಊರಿನವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಓಡಲಿ ಅಂತ ನನ್ನದೂ ಆಸೆ.

ಹಳಿ ದಾಟುವಾಗ ಹುಷಾರು. ಸಣ್ಣ ಸ್ಟೇಷನ್‌ಗಳಲ್ಲಿ ಮೇಲ್ಸೇತುವೆ ಇಲ್ಲ, ಹಳಿಯ ಮೇಲೇ ನಡೆದು ದಾಟಬೇಕು. ಅಲ್ಲಿ 'ನಿಲ್ಲಿ, ಕೇಳಿ, ನೋಡಿ' ಅಂತ ಬೋರ್ಡ್ ಇರುತ್ತದೆ. ಬೋರ್ಡ್ ಹೇಳಿದ ಹಾಗೇ ಮಾಡಿ. ಕಣಿವೆಯ ತಿರುವಿನಲ್ಲಿ ಗಾಡಿ ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ.

ವಾಪಸ್ ಬರುವಾಗ ಲೆಕ್ಕ ತಿರುಗುಮುರುಗು. ಪೊಸಿನ್ಯೊದಿಂದ ಫೆರಾದೋಜಾವರೆಗೆ ಬಲಗಡೆ ಕೂರಿ, ಸೇತುವೆ ದಾಟಿದ ಮೇಲೆ ಎಡಗಡೆ. ಹೋಗುವಾಗ ಮಿಠಾಯಿ ತಪ್ಪಿದ್ದರೆ ರೇಗುವಾದಲ್ಲಿ ಬಾಗಿಲ ಹತ್ತಿರ ಬಂದು ನಿಂತಿರಿ.